ಅವಕಾಶದ ಫೈಲು

ನವಿ ಮುಂಬಯಿಯ ಯೂನಿವರ್ಸಿಟಿಯೊಂದರಲ್ಲಿ ನನ್ನ ತಂಗಿಯ ಮೇಲಧಿಕಾರಿ ಮರಾಠಿ ಹೆಂಗಸು. ಕೈಕೆಳಗಿನವರು ತಪ್ಪು ಮಾಡಿದರೆ ಪಕ್ಕಕ್ಕೆ ಕುರ್ಚಿ ಎಳೆದು, “ಬಸ್ ಗ, ಮಿಳೂನ್ ಬಘೂ” ಎನ್ನುವರು. ಕೂತ್ಕೋ, ಕೂಡಿಯೇ ನೋಡೋಣ ಎಂದರ್ಥ.

ಹಿಂದಿಯಲ್ಲಿ ‘ಅವಕಾಶ’ವೆಂದರೆ ರಜೆ. ಹೊಸದಾಗಿ ಸೇರಿದ ತಂಗಿ ಅರ್ಜಿಗಳ ಮೇಲಿದ್ದ ಆ ಪದವನ್ನು ಕನ್ನಡದಂತೆ ಓದಿ, ಎಲ್ಲರ ರಜೆ ಅರ್ಜಿಗಳನ್ನು ವಿದ್ಯಾರ್ಥಿಗಳ ನೌಕರಿ ಅವಕಾಶಗಳ ಫೈಲಿಗೆ ಸೇರಿಸಿಬಿಟ್ಟಳು. ರಜೆ ಸಿಗದ ಪ್ರೊಫೆಸರರು ಕೂಗಾಡಿದರು. ತಂಗಿ ಮನೆಗೆ ಬಂದು ಅತ್ತಳು.

“ಬಿಟ್ಟಬಿಡು, ಆಫೀಸು ನಮ್ಮಂಥವರಿಗಲ್ಲ” ಎಂದೆ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಠಾಕುರ್ಲಿಯ ನನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಕೈ ಬೇಕಿತ್ತು. ಅವಳ ಅಳು ನನಗೆ ಅನುಕೂಲವಾಗಿಯೇ ಕಂಡಿತು.

ಮರುದಿನ ಕೆಲಸ ಬಿಡಿಸಿ ಕರೆತರಲು ನಾನೇ ಹೋದೆ. ಬಾಗಿಲಲ್ಲೇ ಮೇಡಂ ದನಿ ಕೇಳಿತು: “ಸರ್, ಚೂಕ್ ಮಾಝೀ. ಮೀ ಶಿಕವ್ಲಂಚ್ ನಾಹೀ.” ತಪ್ಪು ನನ್ನದು, ನಾನೇ ಕಲಿಸಲಿಲ್ಲ ಎಂದು ಪ್ರೊಫೆಸರರಿಗೆ ಹೇಳುತ್ತಿದ್ದರು. ಪಕ್ಕದಲ್ಲಿ ತಂಗಿ ಅರ್ಜಿಗಳನ್ನು ಬೇರ್ಪಡಿಸುತ್ತ ಗುನುಗುತ್ತಿದ್ದಳು.

“ಅಣ್ಣಾ, ನೀ ಯಾಕ ಬಂದಿ?”

“ಡಬ್ಬಾ ಕೊಡಾಕ ಬಂದೆ.”

‘ಡಬ್ಬಾ’ ಎಂಬ ಆ ಒಂದು ಮಾತು ಮೇಡಂಗೂ ತಿಳಿಯಿತು. ನನ್ನ ಖಾಲಿ ಕೈಗಳನ್ನು ನೋಡಿ ನಕ್ಕರು. “ಕುಠೇ ಆಹೇ ಡಬ್ಬಾ, ದಾದಾ?” ಡಬ್ಬಾ ಎಲ್ಲಿದೆ ಅಣ್ಣಾ, ಎನ್ನುತ್ತ ತಮ್ಮ ಊಟದ ಡಬ್ಬಾವನ್ನೇ ಬಿಚ್ಚಿದರು.

ತಂಗಿಯನ್ನು ಕರೆದೊಯ್ಯಲು ಬಂದವನು ಅವರ ಭಾಕರಿ ತಿಂದು ಒಬ್ಬನೇ ಮರಳಿದೆ.