ಬೇರೆ ತಾಲೂಕಿನ ಸೀರೆ

ಬೆಳಗಿನ ಆರು ಗಂಟೆ. ಹಾಸನದ ಮಹಿಳಾ ಸಹಾಯ ಕೇಂದ್ರದ ಮುಂದೆ ಪೊಲೀಸ್ ಜೀಪು ನಿಲ್ಲುತ್ತದೆ. ನೈಟಿಯ ಮೇಲೆ ಟವೆಲ್ ಹೊದ್ದ ಹೆಂಗಸೊಬ್ಬಳು ಇಳಿಯುತ್ತಾಳೆ. ಕಾಲಲ್ಲಿ ಚಪ್ಪಲಿಯಿಲ್ಲ. ಅಂಗಳ ಗುಡಿಸುತ್ತಿದ್ದ ಆಯಾ ಮಲ್ಲಿಗಮ್ಮ ಪೊರಕೆ ಬದಿಗಿಟ್ಟು, ಬಿಸಿನೀರಿನ ಚೊಂಬು ಹಿಡಿದು ಎದುರು ಹೋಗುತ್ತಾರೆ. ಏನಾಯಿತೆಂದು ಕೇಳುವುದಿಲ್ಲ. ಯಾರು ಹೊಡೆದರೆಂದೂ ಕೇಳುವುದಿಲ್ಲ.

“ಯಾವ್ ತಾಲೂಕವ್ವ ನಿಂದು?”

“ಹೊಳೇನರ್ಸೀಪುರ.”

ಒಳಗಿನ ಕಬ್ಬಿಣದ ಬೀರುವಿನಲ್ಲಿ ನಾಲ್ಕು ಗೂಡುಗಳಿವೆ. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದು ಹೆಸರು: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಮಲ್ಲಿಗಮ್ಮನ ಕೈ ಚನ್ನರಾಯಪಟ್ಟಣದ ಗೂಡಿಗೆ ಹೋಗಿ ನೀಲಿ ಸೀರೆಯೊಂದನ್ನು ಎಳೆಯುತ್ತದೆ. ಜೊತೆಗೊಂದು ಲಂಗ. ಲಾಡಿಯನ್ನು ಮೊದಲೇ ಪಿನ್ನಿನಿಂದ ಪೋಣಿಸಿಟ್ಟಿದ್ದಾರೆ. “ನಡುಗೋ ಕೈಲಿ ಲಾಡಿ ಏರ್ಸಕ್ಕಾಯ್ತದಾ?” ಎನ್ನುತ್ತಾರೆ.

ಕಟ್ಟಡ, ಊಟ, ಔಷಧಿ ಸರ್ಕಾರದ್ದು. ಸೀರೆಗಳು ಜನರವು. ಹಳ್ಳಿಗಳ ಮಹಿಳಾ ಸಂಘಗಳು ಕೂಡಿಸಿದ್ದನ್ನು ಅಂಗನವಾಡಿ ಕಾರ್ಯಕರ್ತೆಯರು ಗಂಟು ಕಟ್ಟಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಇಲ್ಲಿಗೆ ಬರುವವರು ಹೆಚ್ಚಾಗಿ ಉಟ್ಟ ಬಟ್ಟೆಯಲ್ಲೇ ಬರುತ್ತಾರೆ. ದೂರು ಕೊಟ್ಟರೆ ಆ ಬಟ್ಟೆಯೂ ಪೊಲೀಸರ ಸಾಕ್ಷ್ಯದ ಕವರಿಗೆ ಹೋಗುತ್ತದೆ.

ಐವತ್ತಾರರ ಮಲ್ಲಿಗಮ್ಮ ಅರಕಲಗೂಡು ಕಡೆಯವರು. ಹನ್ನೊಂದು ವರ್ಷದಿಂದ ಇಲ್ಲಿ ಗುತ್ತಿಗೆಯ ಆಯಾ. ಅವರೂ ಹೊಡೆತ ತಿಂದವರೇ. “ನನ್ ಕಾಲ್ದಲ್ಲಿ ಇಂತಾ ಜಾಗ ಎಲ್ಲಿತ್ತು? ಇತ್ಲು ಬಾಗ್ಲ ಹಿಂದೆ ಕೂತ್ಕಂಡು ಬೆಳಗು ಮಾಡ್ತಿದ್ದೆ. ಗಂಡ ಸತ್ಮೇಲೆ ನಿದ್ದೆ ಬಂತು ಕಣವ್ವ.”

ಕೇಂದ್ರದ ಆಪ್ತ ಸಮಾಲೋಚಕಿ ಸ್ನೇಹಲತಾ ಆಗಾಗ ಮಲ್ಲಿಗಮ್ಮನನ್ನು ರೇಗಿಸುತ್ತಾರೆ: “ತಹಸೀಲ್ದಾರ್‌ಗೆ ಒಂದೇ ತಾಲೂಕು. ನಮ್ಮ ಮಲ್ಲಿಗಮ್ಮಂಗೆ ನಾಲ್ಕು!” ಅದೇ ಸ್ನೇಹಲತಾ ಲೆಕ್ಕ ಕೊಡುವಾಗ ಮಾತ್ರ ನಗುವುದಿಲ್ಲ. ಹೋದ ವರ್ಷ ಬಂದವರು ತೊಂಬತ್ತಮೂರು. ಹೊಡೆದ ಮನೆಗೇ ಹಿಂದಿರುಗಿದವರು ಅರವತ್ತನಾಲ್ಕು. ಅವರಲ್ಲಿ ಇಪ್ಪತ್ತೆರಡು ಮಂದಿ ಮತ್ತೆ ಬಂದರು. ಉಳಿದವರ ಸುದ್ದಿ ಕೇಂದ್ರಕ್ಕೆ ಸರಿಯಾಗಿ ಗೊತ್ತಿಲ್ಲ.

ನಾಲ್ಕು ವರ್ಷದ ಹಿಂದೆ ಈ ಬೀರುವಿಗೆ ಗೂಡುಗಳಿರಲಿಲ್ಲ. ಕೈಗೆ ಸಿಕ್ಕ ಸೀರೆ ಕೊಡುತ್ತಿದ್ದರು. ಆಗ ಅರಕಲಗೂಡು ತಾಲೂಕಿನ ಒಂದು ಹಳ್ಳಿಯಿಂದ ಬಂದವಳನ್ನು ಧನಲಕ್ಷ್ಮಿ ಎನ್ನೋಣ; ಹೆಸರು ಬದಲಿಸಿದ್ದೇನೆ. ಅವಳ ಸೀರೆ ಹರಿದಿತ್ತು. ಮೂರನೇ ಕ್ಲಾಸಿನ ಮಗಳು ಮನೆಯಲ್ಲೇ ಉಳಿದಿದ್ದಳು. ದೂರು ಬೇಡವೆಂದಳು, ಎರಡು ದಿನ ಇದ್ದಳು, ಮಗಳಿಗಾಗಿ ಹೊರಟಳು. ಮಲ್ಲಿಗಮ್ಮ ಅವಳಿಗೆ ಸಾಸಿವೆ ಬಣ್ಣದ ಅಂಚಿನ ಹಸಿರು ಸೀರೆ ಉಡಿಸಿದರು. ಅಕ್ಕನ ಮನೆಗೆ ಹೋಗಿದ್ದೆ, ಸೀರೆ ಅಕ್ಕ ಕೊಟ್ಟಿದ್ದು ಎಂದು ಮನೆಯಲ್ಲಿ ಹೇಳುವುದೆಂದು ಇಬ್ಬರೂ ಮಾತಾಡಿಕೊಂಡರು.

ಮರುದಿನ ಬೆಳಿಗ್ಗೆ ಹಾಲಿನ ಡೇರಿಯ ಸಾಲಿನಲ್ಲಿ ಅದೇ ಊರಿನ ಸುಬ್ಬಮ್ಮ ಅವಳ ಸೆರಗು ಹಿಡಿದು ನಕ್ಕರಂತೆ. “ಲೇ, ಇದು ನಾನು ಸಂಘಕ್ಕೆ ಕೊಟ್ಟ ಸೀರೆ ಕಣೇ! ಆಸನದ ಕೇಂದ್ರಕ್ಕೆ ಕಳ್ಸಿದ್ದು. ನಿಂಗೆಂಗೆ ಬಂತು?”

ಸುಬ್ಬಮ್ಮನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಾತು ಮಧ್ಯಾಹ್ನದೊಳಗೆ ಧನಲಕ್ಷ್ಮಿಯ ಗಂಡನ ಕಿವಿ ಮುಟ್ಟಿತು. ಆ ಸಂಜೆ ಅಕ್ಕಪಕ್ಕದವರಿಗೆ ಕೂಗು ಕೇಳಿಸಿತು. ಮನೆಯೊಳಗಿನ ವಿಷಯವೆಂದು ಯಾರೂ ಹೋಗಲಿಲ್ಲ. ಎರಡು ದಿನ ಕಳೆದು ನೋಡಿದರೆ ಬಾಗಿಲಿಗೆ ಬೀಗ. ಗಂಡ, ಹೆಂಡತಿ, ಮಗು ಮೂವರೂ ಇಲ್ಲ. ಹದಿನೈದು ದಿನದ ಮೇಲೆ ಸುಬ್ಬಮ್ಮ ಆ ಸೀರೆಯನ್ನು ಮಡಿಸಿಕೊಂಡು ಕೇಂದ್ರಕ್ಕೆ ಬಂದರು. ಬೀಗ ಹಾಕಿದ ಆ ಮನೆಯ ಹಿತ್ತಲಿನ ತಂತಿಯ ಮೇಲೆ ಹಾಗೇ ನೇತಾಡುತ್ತಿತ್ತಂತೆ. ಬಾಗಿಲಲ್ಲೇ ಕುಸಿದು ಕೂತು, “ನನ್ ನಾಲ್ಗೆಗೆ ಬೆಂಕಿ ಆಕ” ಎಂದು ಅತ್ತರು.

“ಅವ್ರ ನಾಲ್ಗೆ ಅಲ್ಲ, ನನ್ ಕೈ,” ಎನ್ನುತ್ತಾರೆ ಮಲ್ಲಿಗಮ್ಮ. “ಉಡ್ಸಿದ್ದು ನಾನು. ಗಂಟು ಯಾವೂರಿಂದ ಬಂತು ಅಂತ ಒಂದ್ಸಲ ಕೇಳ್ಬುಟ್ಟಿದ್ರೆ ಆಗಿತ್ತು.” ಬೀರುವಿಗೆ ಗೂಡುಗಳು, ಗೂಡುಗಳ ಮೇಲೆ ಗಂಟು ಬಂದ ತಾಲೂಕಿನ ಹೆಸರು ಬಂದದ್ದು ಆಮೇಲೆಯೇ.

ಪ್ರತಿ ತಿಂಗಳು ಕೇಂದ್ರದಲ್ಲಿ ಸಮಿತಿಯ ಸಭೆ. ಪೊಲೀಸರು, ವೈದ್ಯರು, ಇಲಾಖೆಯವರು, ಸಂಘಗಳ ಹೆಂಗಸರು ಸೇರುತ್ತಾರೆ. ಟೀ ಕೊಡಲು ಹೋಗುವ ಮಲ್ಲಿಗಮ್ಮ ಪ್ರತಿಸಲವೂ ಒಂದೇ ಪ್ರಶ್ನೆ ಕೇಳುತ್ತಾರೆ: “ಸಾ, ಆ ಮಗೀನ ತಾಯಿ ಸಿಕ್ಕುದ್ಲಾ?” ಮೊದಮೊದಲು ಅಧಿಕಾರಿಗಳು ಫೈಲು ತೆಗೆದು ನೋಡುತ್ತಿದ್ದರು. ಕೂಲಿಗೆ ಹೋಗಿರಬಹುದೆಂದು ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಹುಡುಕಿಸಿದ್ದೂ ಉಂಟು. ಈಗ “ನೋಡ್ತಾ ಇದ್ದೀವಮ್ಮ” ಎಂದು ಲೋಟ ತೆಗೆದುಕೊಳ್ಳುತ್ತಾರೆ. ಆ ಮಗು ಎಲ್ಲಾದರೂ ಓದುತ್ತಿದ್ದರೆ ಈ ವರ್ಷ ಏಳನೇ ಕ್ಲಾಸು.

ಹಸಿರು ಸೀರೆ ನಾಲ್ಕು ಗೂಡುಗಳಲ್ಲಿ ಯಾವುದರಲ್ಲೂ ಇಲ್ಲ. ಮಲ್ಲಿಗಮ್ಮನ ಸ್ವಂತ ಟ್ರಂಕಿನ ತಳದಲ್ಲಿದೆ. ಯಾರಿಗೂ ಕೊಡುವುದಿಲ್ಲ. ಆಗಾಗ ಒಗೆದು, ನೆರಳಲ್ಲಿ ಒಣಗಿಸಿ, ಮತ್ತೆ ಮಡಿಸಿಡುತ್ತಾರೆ. ಧನಲಕ್ಷ್ಮಿ ಬಂದಾಗ ಕೊಡಲೆಂದು ಇಟ್ಟಿದ್ದೀರಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು.

“ಇದ್ನ ಉಡ್ಸಾಕಿಲ್ಲ ಕಣವ್ವ. ಬರ್ಲಿ ಅವ್ಳು, ಬಂದ್ರೆ ಸಾಕು. ಹೊಳೇನರ್ಸೀಪುರದ್ದು ಕೊಡ್ತೀನಿ.”