ಇಂಚಕ್ಕನ ಹೆಸರಿನ ಕಾರು

ಕಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿಗೆ ಕೊಟ್ಟ ಅರ್ಜಿ ತಿರಸ್ಕಾರವಾಗಿದೆ ಎಂದು ಕಿಟಕಿಯಾಚೆಯ ಗುಮಾಸ್ತ ಹೇಳಿದಾಗ, ಅವನು ಬೇರೆ ಯಾರದೋ ಕಾಗದ ನೋಡುತ್ತಿದ್ದಾನೆ ಅಂದುಕೊಂಡಳು ಇಂಚಕ್ಕ. ಅವನು ಇನ್ನೊಮ್ಮೆ ಓದಿದ. ಅರ್ಜಿದಾರಳ ಹೆಸರಿನಲ್ಲಿ ಐಷಾರಾಮಿ ಕಾರು ಇರುವುದರಿಂದ ಸರ್ಕಾರ ಕೊಡುವ ಉಚಿತ ಪಟ್ಟಿಗೆ ಆಕೆ ಅರ್ಹಳಲ್ಲ.

"ನನ್ನ ಹತ್ರ ಸೈಕಲ್ಲೂ ಇಲ್ಲ ಸ್ವಾಮಿ," ಎಂದಳು.

"ಕಾರಿದೆಯಲ್ಲಮ್ಮ, ಸೈಕಲ್ ಯಾಕೆ?"

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು.

ಬೀದಿಯವರು ಅವಳನ್ನು ಇಂಚಕ್ಕ ಎಂದು ಕರೆಯುತ್ತಿದ್ದುದು ಅವಳ ಹೊಲಿಗೆಯಿಂದ. ಯಾರ ಅಂಗಿ ಹೊಲಿದರೂ ಒಳಗೆ ಒಂದಿಂಚು ಬಟ್ಟೆ ಬಿಡುತ್ತಿದ್ದಳು. ಮೈ ತುಂಬಿಕೊಂಡರೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲಿ ಎಂದು. ಎರಡು ಸಲ ಅಳೆಯದೆ ಕತ್ತರಿ ಹಾಕಿದವಳಲ್ಲ. ಮೂರನೇ ವಯಸ್ಸಿನಲ್ಲಿ ಬಂದ ಜ್ವರ ಬಲಗಾಲಿನ ಶಕ್ತಿಯನ್ನೆಲ್ಲ ಹೊತ್ತುಕೊಂಡು ಹೋಗಿತ್ತು. ತೊಡೆಯಿಂದ ಬೂಟಿನವರೆಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡು ನಡೆಯುತ್ತಿದ್ದಳು, ಎಡಗಾಲೊಂದರಲ್ಲೇ ಮಿಷನ್ ತುಳಿಯುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ. ಈಗ ಮೊಣಕಾಲಿನ ಹತ್ತಿರ ಪಟ್ಟಿ ಬಿರುಕು ಬಿಟ್ಟಿತ್ತು. ಸದ್ಯಕ್ಕೆ ತಂತಿ ಸುತ್ತಿದ್ದಳು. ಅದು ಪೂರ್ತಿ ಮುರಿದ ದಿನ ಅಂಗಡಿಯ ಮೂರು ಮೆಟ್ಟಿಲು ಹತ್ತುವಂತಿರಲಿಲ್ಲ. ಅಂಗಡಿ ಮುಚ್ಚಿದರೆ ಒಲೆ ಹೊತ್ತುವಂತಿರಲಿಲ್ಲ.

ಕಾರು ಯಾವುದೆಂದು ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು. ಹಿಂದಿನ ವರ್ಷ ಅವಳು ಗಿರಾಕಿಯೊಬ್ಬಳ ಅಂಗಿಯನ್ನು ಮೈಮೇಲೇ ಸರಿಮಾಡುತ್ತಿದ್ದಾಗ ಚಿಕ್ಕಪ್ಪನ ಮಗ, ಟೈಲ್ಸ್ ಅಂಗಡಿಯವನು, ನುಗ್ಗಿ ಬಂದಿದ್ದ. ಬ್ಯಾಂಕಿಗೆ ಮನೆಯವರ ರುಜು ಬೇಕಂತೆ, ಸುಮ್ಮನೆ ಹಾಕಕ್ಕ ಎಂದು ಕಾಗದ ಚಾಚಿದ್ದ. ಅವಳ ತುಟಿಗಳ ನಡುವೆ ಐದಾರು ಗುಂಡುಸೂಜಿಗಳಿದ್ದವು. ಏನು ಎತ್ತ ಎಂದು ಕೇಳಲು ಬಾಯಿ ತೆರೆಯುವಂತಿರಲಿಲ್ಲ. ಅವನು ಬೆರಳಿಟ್ಟಲ್ಲೆಲ್ಲ ರುಜು ಹಾಕಿದ್ದಳು. ಹೋಗುವಾಗ ಅವನು ಗೋಡೆಗೆ ತೂಗುಹಾಕಿದ್ದ ಅವಳ ಅಂಗವಿಕಲತೆಯ ಪ್ರಮಾಣಪತ್ರದ ಫೋಟೊ ತೆಗೆದುಕೊಂಡಿದ್ದ.

ವಾರದೊಳಗೆ ಉದ್ದನೆಯ ಕಪ್ಪು ಕಾರು ಬೀದಿಗೆ ಬಂತು. ಒಮ್ಮೆ ಆಸ್ಪತ್ರೆಯವರೆಗೆ ಬಿಡಪ್ಪ ಎಂದು ಕೇಳಿದ್ದಳು. ನಿನ್ನ ಕಬ್ಬಿಣ ತಾಗಿದರೆ ಚರ್ಮದ ಸೀಟು ಹರಿದುಹೋಗುತ್ತೆ, ಆಟೋ ಕರೆಸ್ತೀನಿ ಇರು ಎಂದಿದ್ದ. ಅಂದು ಅವಳೂ ಜೊತೆಗೆ ನಕ್ಕಿದ್ದಳು. ಆ ನಗು ನೆನಪಾಗಿ ಈಗ ಮೈ ಉರಿಯಿತು.

ಮನೆಯ ಕಡೆ ಹೋಗದೆ ವಾಹನ ನೋಂದಣಿ ಕಚೇರಿಯ ಮುಂದೆ ಇಳಿದಳು. ಅಲ್ಲಿನ ಕನ್ನಡಕದ ಮೇಡಂ ಪುಸ್ತಕ ತೆರೆದು ತಾಳ್ಮೆಯಿಂದ ತಿಳಿಸಿದರು. ಸಾಧಾರಣ ಕಾರಿಗೆ ಒಂದು ದರ. ಬೆಲೆ ಒಂದು ಗೆರೆ ದಾಟಿದರೆ ಅದು ಐಷಾರಾಮಿ, ಅದಕ್ಕೆ ಹೆಚ್ಚಿನ ದರ, ಮೇಲೊಂದು ಸುಂಕ. ಇವೆಲ್ಲ ಸೇರಿದ ಬೆಲೆಯ ಮೇಲೆ ಮತ್ತೆ ರಸ್ತೆ ತೆರಿಗೆ.

"ಅಂದ್ರೆ ತೆರಿಗೆ ಮೇಲೂ ತೆರಿಗೆ?"

"ಹೌದಮ್ಮ." ಮೇಡಂ ಅವಳ ಕೊರಳಲ್ಲಿದ್ದ ಅಳತೆ ಟೇಪು ನೋಡಿದರು. "ನೀವು ಅಂಚನ್ನ ಮಡಿಚಿ, ಮತ್ತೆ ಮಡಿಚಿ ಹೊಲಿಯಲ್ವಾ, ಹಾಗೆ."

ಆದರೆ ಅಂಗವಿಕಲರ ಓಡಾಟಕ್ಕೆಂದು ಕೊಂಡ ಕಾರಿಗೆ ಬಹುಪಾಲು ತೆರಿಗೆ ಮಾಫಿ. ಟೈಲ್ಸ್ ಅಂಗಡಿಯವನಿಗೆ ಬೇಕಾಗಿದ್ದು ಅದೊಂದೇ. ತನ್ನ ಕಾಲಿನಿಂದ ಅವನಿಗೆಷ್ಟು ಉಳಿಯಿತು ಎಂದು ಇಂಚಕ್ಕ ಕೇಳಿದಳು. ಮೇಡಂ ಲೆಕ್ಕ ಮಾಡಿ ಕ್ಯಾಲ್ಕುಲೇಟರ್ ತಿರುಗಿಸಿ ಹಿಡಿದರು. ಅಂಕಿಗಳನ್ನು ಬೆರಳಿಟ್ಟು ಎರಡು ಸಲ ಎಣಿಸಿದಳು.

ಕಾರು ತನ್ನ ಬಳಕೆಗಲ್ಲ ಎಂದು ಅವಳು ಬರೆದುಕೊಡಬಹುದು, ಓಡಿಸುವವನು ಬಂದು ಒಪ್ಪಿ ಮಾಫಿಯಾದ ತೆರಿಗೆಯನ್ನು ದಂಡದ ಸಮೇತ ಕಟ್ಟಬೇಕು, ಆಮೇಲೆ ಅವಳ ಹೆಸರು ಹೋಗುತ್ತದೆ, ಆ ಪತ್ರ ತೋರಿಸಿ ಪಟ್ಟಿಗೆ ಹೊಸ ಅರ್ಜಿ ಹಾಕಬಹುದು ಎಂದರು ಮೇಡಂ. ರುಜು ಅವಳದ್ದೂ ಇರುವುದರಿಂದ ಪ್ರಶ್ನೆ ಅವಳಿಗೂ ಬರುತ್ತದೆ ಎಂದೂ ಎಚ್ಚರಿಸಿದರು. ಬರಲಿ ಎಂದಳು.

ಟೈಲ್ಸ್ ಅಂಗಡಿಯ ನುಣುಪು ನೆಲದ ಮೇಲೆ ಪಟ್ಟಿ ಟಕಟಕ ಎಂದಿತು. ಚಿಕ್ಕಪ್ಪನ ಮಗ ಕುರ್ಚಿ ಎಳೆದು ಹಾಕಿದ. ಅವಳು ಕೂರಲಿಲ್ಲ. ಹೇಳುವುದನ್ನೆಲ್ಲ ನಿಂತೇ ಹೇಳಿದಳು.

"ಒಂದು ಪಟ್ಟಿಗೋಸ್ಕರ ತಮ್ಮನ್ನ ಕಚೇರಿಗೆ ಎಳೀತೀಯಾ ಅಕ್ಕ? ನಾಳೇನೇ ಫಾರಿನ್ನಿಂದ ತರಿಸಿಕೊಡ್ತೀನಿ. ಬಾಯಿ ಮುಚ್ಚಿಕೊಂಡಿರು, ಸಾಕು."

"ಬಾಯಿ ಮುಚ್ಚಿಕೊಂಡಿದ್ದಾಗಲೇ ಅಲ್ವೇನೋ ನೀನು ರುಜು ಹಾಕಿಸಿಕೊಂಡಿದ್ದು."

ಅವನು ದನಿ ತಗ್ಗಿಸಿದ. ಎಲ್ಲರೂ ಮಾಡುವುದೇ ಇದು ಎಂದ. ಹೋಗಿದ್ದು ಸರ್ಕಾರದ ದುಡ್ಡು, ನಿನ್ನ ಗಂಟೇನು ಹೋಯಿತು ಎಂದ.

"ಆ ದುಡ್ಡಲ್ಲೇ ಕಣೋ ನನ್ನ ಪಟ್ಟಿ ಮಾಡೋದು. ನಿನ್ನ ಮೊದಲನೇ ಸ್ಕೂಲ್ ಚಡ್ಡಿ ಹೊಲಿದವಳು ನಾನು. ಬೆಳೀತೀಯ ಅಂತ ಅದಕ್ಕೂ ಒಂದಿಂಚು ಬಿಟ್ಟಿದ್ದೆ. ನೀನು ಬೆಳೆದಿದ್ದು ಹೀಗಾ?"

ಅವನು ಫೋನು ಎತ್ತಿ ಯಾರಿಗೋ ಮಾಡುವವನಂತೆ ನಟಿಸಿದ. ಅವಳು ಬಾಗಿಲವರೆಗೆ ಹೋಗಿ ತಿರುಗಿದಳು.

"ಕಾಗದದ ಪ್ರಕಾರ ಹೊರಗೆ ನಿಂತಿರೋದು ನನ್ನ ಕಾರು. ಕಳವಾಗಿದೆ ಅಂತ ಠಾಣೆಗೆ ಬರೆದುಕೊಡ್ಲಾ, ಇಲ್ಲ ನಾಳೆ ಹತ್ತು ಗಂಟೆಗೆ ನೀನೇ ಕಚೇರಿಗೆ ಕರೆದುಕೊಂಡು ಹೋಗ್ತೀಯಾ?"

ಅವನು ಫೋನು ಕೆಳಗಿಟ್ಟ.

ಮರುದಿನ ಅವಳು ಮುಂದಿನ ಸೀಟಿನಲ್ಲೇ ಕುಳಿತಳು. ಪಟ್ಟಿಗೆ ಸುತ್ತಿದ್ದ ತಂತಿಯ ತುದಿ ಚರ್ಮಕ್ಕೆ ಸಿಕ್ಕಿ ಪರ್ರೆಂದು ಗೀರಿತು. ಅವನು ತಿರುಗಿ ಗೀರು ನೋಡಿದ. ಅವಳು ಕಾಲು ಸರಿಸಲಿಲ್ಲ. ಅವಳ ಸಿಟ್ಟು ಒಂದು ಗೀರಿನಿಂದ ಆರುವಂಥದ್ದೂ ಆಗಿರಲಿಲ್ಲ.

ಕಚೇರಿಯಲ್ಲಿ ಮೇಡಂ ಟೈಪು ಮಾಡಿದ ನಾಲ್ಕು ಹಾಳೆ ಮುಂದಿಟ್ಟರು. ಅವನು ನಿಂತಲ್ಲೇ ತನ್ನ ರುಜು ಗೀಚಿ ಪೆನ್ನನ್ನು ಅವಳತ್ತ ಚಾಚಿದ. ಬೇಗ ಹಾಕಕ್ಕ, ಅಂಗಡಿಗೆ ಲಾರಿ ಬರುತ್ತೆ ಎಂದ. ಇಂಚಕ್ಕ ಪೆನ್ನು ಮುಟ್ಟಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ನಾಲ್ಕೂ ಹಾಳೆ ಮುಗಿಯಿತು. ಅವನು ಗಡಿಯಾರ ನೋಡಿದ. ಅವಳು ಮೊದಲ ಹಾಳೆಯನ್ನು ಮತ್ತೆ ಮೇಲಕ್ಕೆ ತೆಗೆದುಕೊಂಡಳು.