ಮಾರಿ ನೋಡಿ ಬರೆದ ವಯಸ್ಸು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮುಂಡರಗಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಅಲ್ಲಿ ಸತ್ತವರ ವಿವರವನ್ನು ಗುಮಾಸ್ತ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ, ಸಹಿ ನನ್ನದು. ರೋಗಿಗಳ ಗದ್ದಲದ ನಡುವೆ ಓದದೆ ಸಹಿ ಹಾಕುವ ಕೆಟ್ಟ ಚಾಳಿ ನನಗೆ ಅಂಟಿತ್ತು.

ಒಂದು ಬೆಳಿಗ್ಗೆ ಯಲ್ಲವ್ವ ಎಂಬ ಹೆಂಗಸು ಗಂಡನ ಮರಣ ಪ್ರಮಾಣಪತ್ರ ಹಿಡಿದು ಬಂದಳು. ಗಂಡ ಹನಮಪ್ಪ ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಷಿನ್‌ನಲ್ಲಿ ಕೂಲಿಯಾಗಿದ್ದ; ತಿಂಗಳ ಹಿಂದೆ ನಮ್ಮಲ್ಲೇ ಉಸಿರುಕಟ್ಟಿ ಸತ್ತಿದ್ದ. ಪತ್ರದಲ್ಲಿ ವಯಸ್ಸು ಅರವತ್ತೈದು, ಸಾವಿನ ಕಾರಣ ‘ವಯೋಸಹಜ’ ಎಂದಿತ್ತು. ಆಕೆಯ ನೆರೆತ ತಲೆ, ಬಾಗಿದ ಬೆನ್ನು ನೋಡಿ, ವಯಸ್ಸಾಗಿತ್ತಲ್ಲವ್ವ ಎಂದು ಸಮಾಧಾನ ಹೇಳಹೋದೆ.

“ನನಗ ನಲವತ್ತೊಂದ್ರಿ ಸಾಹೇಬ್ರ. ಅಂವ ಮೂರು ವರ್ಷಕ್ಕ ದೊಡ್ಡಾಂವ,” ಎಂದಳು.

ಸೆರಗಿನ ಗಂಟಿನಿಂದ ಆಧಾರ್ ಕಾರ್ಡುಗಳನ್ನು ತೆಗೆದು ತೋರಿಸಿದಳು. ಮಗ ಬಸವರಾಜ ಅದೇ ಮಷಿನ್‌ನಲ್ಲಿದ್ದ. ಅವನಿಗೂ ಕೆಮ್ಮು ಶುರುವಾಗಿತ್ತು. ಕೆಲಸ ಬಿಡು ಎಂದರೆ ಕೇಳುತ್ತಿರಲಿಲ್ಲವಂತೆ. ಅಪ್ಪ ಸತ್ತದ್ದು ಮುಪ್ಪಿನಿಂದ, ದೂಳಿನಿಂದಲ್ಲ ಎಂದು ಮಾಲೀಕ ನಮ್ಮ ಪತ್ರವನ್ನೇ ಓದಿ ಹೇಳಿ ಅವನನ್ನು ನಂಬಿಸಿದ್ದ.

ಗುಮಾಸ್ತನನ್ನು ಕರೆಸಿದೆ. ಅವನಿಗೆ ನಾಚಿಕೆಯೇ ಇರಲಿಲ್ಲ. “ಕೂಲಿ ಮಂದಿಗೆ ಕಾರ್ಡ್ ಯಾರು ಕೇಳ್ತಾರ್ರಿ? ಮಾರಿ ನೋಡೇ ಬರೀತೀವಿ,” ಎಂದ. ಮುಖದ ಸುಕ್ಕೇ ಅವನಿಗೆ ದಾಖಲೆ.

ರಿಜಿಸ್ಟರ್ ತಿರುವಿದೆ. ಅದೇ ಊರಿನ ಗೌಡರಿಗೆ ಎಂಬತ್ತಾರು. ಹುಟ್ಟಿದ ದಿನಾಂಕ, ರೋಗದ ಹೆಸರು, ಎಲ್ಲ ಅಚ್ಚುಕಟ್ಟು. ಮಷಿನ್‌ನ ಕೂಲಿಗಳೆಲ್ಲ ಅರವತ್ತು, ಅರವತ್ತೈದು, ಎಲ್ಲರದೂ ವಯೋಸಹಜ. ದೂಳು ಅವರನ್ನು ನಲವತ್ತಕ್ಕೇ ಮುದುಕರನ್ನಾಗಿಸಿತ್ತು, ನಾನು ಅದನ್ನು ಸಹಜ ಎಂದು ಸಹಿ ಹಾಕಿದ್ದೆ. ಗುಮಾಸ್ತನಿಗಿಂತ ನನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ಬಸವರಾಜನನ್ನು ನಾನೇ ಗದಗಿಗೆ ಕರೆದೊಯ್ದು ಎಕ್ಸ್-ರೇ ತೆಗೆಸಿದೆ. ಸಿಲಿಕೋಸಿಸ್: ಕಲ್ಲುದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುವ, ವಾಸಿಯಾಗದ ರೋಗ. ಹನಮಪ್ಪನ ಹಳೆಯ ಎಕ್ಸ್-ರೇ ಮನೆಯ ಟ್ರಂಕಿನಲ್ಲಿ ಸಿಕ್ಕಿತು. ಅದರಲ್ಲೂ ಅವೇ ಕಲೆಗಳು. ಅವನ ದಾಖಲೆ ತಿದ್ದಿಸಿದೆ. ಸುಮ್ಮನಿರಿ ಎಂದು ಮಾಲೀಕ ಫೋನಿನಲ್ಲಿ ಆಡಿದ ಬೆಣ್ಣೆಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಹುಡುಗ ಮಷಿನ್ ಬಿಟ್ಟ, ಆದರೆ ತಡವಾಗಿತ್ತು.

ಸತ್ತವನ ವಯಸ್ಸು ಬರೆಯುವ ಮುಂಚೆ ಅವನು ಏನು ಕೆಲಸ ಮಾಡುತ್ತಿದ್ದ ಎಂದು ಕೇಳಬೇಕು. ಇಡೀ ನೌಕರಿಯಲ್ಲಿ ಕಲಿಯದ ಈ ಪಾಠವನ್ನು ಯಲ್ಲವ್ವ ಕಲಿಸಿದಳು. ಮಗನ ಕೇಸ್ ಪೇಪರ್ ಬರೆಯಲು ಕೂತಾಗ ಆಕೆ ಮೇಜಿನ ಹತ್ತಿರ ಬಂದು ನಿಂತಳು.

“ಇವಂಗ ಇಪ್ಪತ್ತೊಂದ್ರಿ. ಈಗ ಬರದಿಡ್ರಿ ಸಾಹೇಬ್ರ, ಆಮ್ಯಾಲೆ ನಿಮ್ಮ ಕಣ್ಣಿಗೆ ಮುದುಕನಂಗ ಕಾಣ್ತಾನ.”